ಪಂಚಾಯ್ತಿ ಖಾತೆಯಲ್ಲಿ ಉಳಿದ ದುಡ್ಡು: ಕೂಡಿಡೋದಾ, ಖರ್ಚು ಮಾಡೋದಾ?

ನಿಮ್ಮ ಪಂಚಾಯ್ತಿ ಖಾತೆಯಲ್ಲಿ 18 ಲಕ್ಷ ಉಳಿದಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಅದರಲ್ಲಿ ಬಹುಶಃ ಎರಡು ಬಗೆಯ ದುಡ್ಡು ಬೆರೆತಿದೆ: ಸರ್ಕಾರದ ಅನುದಾನ, ಪಂಚಾಯ್ತಿಯ ಸ್ವಂತ ತೆರಿಗೆ. ಚರಂಡಿಗೆ ಹಾಕೋದಾ, ಮುಂದಕ್ಕೆ ಇಡೋದಾ ಅಂತ ಸಭೆಯಲ್ಲಿ ಜಗಳ ಆಗುತ್ತಿರುವುದು ಅದಕ್ಕೇ.

ಮೊದಲು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಅನುದಾನ ಎಷ್ಟು, ಸ್ವಂತ ತೆರಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಕೇಂದ್ರದಿಂದ ಬಂದ 15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ. 60 ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲು. ಉಳಿದ 40ರಲ್ಲೂ ಸಂಬಳ ಕೊಡುವ ಹಾಗಿಲ್ಲ. ಇದನ್ನು ಸುಮ್ನೆ ಕೂಡಿಡಬೇಡಿ, ಕೆಲಸ ಮಾಡಿಸಿ.

ಮನೆ ಕಂದಾಯ, ನೀರಿನ ಕರದಿಂದ ಬಂದದ್ದನ್ನು ಮಾತ್ರ ಪೂರ್ತಿ ಬರಿದು ಮಾಡಬೇಡಿ. ನಾನು ಸದಸ್ಯೆ ಆಗಿದ್ದಾಗ ಮಾರ್ಚ್‌ನಲ್ಲಿ ಎಲ್ಲವನ್ನೂ ಕಾಂಕ್ರೀಟ್ ರಸ್ತೆಗೆ ಸುರಿದೆವು. ಏಪ್ರಿಲ್‌ನಲ್ಲಿ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ವೈಂಡಿಂಗ್ ಮಾಡಿಸಲು ದುಡ್ಡಿಲ್ಲ. ಒಂಬತ್ತು ದಿನ ಜನ ಅದೇ ಹೊಸ ರಸ್ತೆ ಮೇಲೆ ಕೊಡ ಸಾಲಾಗಿಟ್ಟು ಟ್ಯಾಂಕರ್‌ಗೆ ಕಾದರು. ಆ ಸಾಲು ಇನ್ನೂ ನನ್ನ ಕಣ್ಣಲ್ಲಿದೆ.

ಹಿಂದಿನ ಎರಡು ಬೇಸಿಗೆಯ ಮೋಟರ್, ಪೈಪ್ ರಿಪೇರಿ ಬಿಲ್ ತೆಗೆಸಿ, ಅಷ್ಟು ಮೊತ್ತ ಪಕ್ಕಕ್ಕಿಡಿ. ಅಷ್ಟೇ ಸಾಕಾ ಅನ್ನೋದು ನಿಮ್ಮ ಬೋರ್‌ವೆಲ್‌ಗಳ ಸ್ಥಿತಿ ಮೇಲಿದೆ, ಊರಿಗೆ ನೀರು ಬಿಡುವ ನೀರುಗಂಟಿಯನ್ನು ಕೇಳಿ. ಮಿಕ್ಕಿದ್ದು ಚರಂಡಿಗೆ ಹೋಗಲಿ. ಎರಡನ್ನೂ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ.