ಮೀನು ನಿಮ್ಮ ಕಾಲ ಬುಡದಲ್ಲೇ ಇದೆ

ಸಣ್ಣ ಕೊಳ, ಕೆರೆಗಳಲ್ಲಿ ಬಾಸ್ ಎಂಬ ದೊಡ್ಡ ಬಾಯಿಯ ಸಿಹಿನೀರು ಮೀನಿಗೆ ಗಾಳ ಹಾಕುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಆರಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಹೋಗುವುದು ಒಂದು ಪುಟ್ಟ ಕೊಳಕ್ಕೆ, ಈ ದಡದಿಂದ ಆ ದಡಕ್ಕೆ ಕಲ್ಲು ಎಸೆಯಬಹುದು. ಬೆಳಗ್ಗೆ ಪೂರ್ತಿ ನಡುನೀರಿಗೆ ಎಸೆದೂ ಎಸೆದೂ ತೋಳು ಬಿದ್ದುಹೋಯಿತು, ಒಂದೂ ಕಚ್ಚಲಿಲ್ಲ. ಆಮೇಲೆ ಬಂದ ಗೆಳೆಯ ಅರ್ಧ ಗಂಟೆಯಲ್ಲಿ ಮೂರು ಹಿಡಿದ. ಅವನ ಗಾಳವೂ ನನ್ನದೂ ಒಂದೇ. ತಪ್ಪು ಎಲ್ಲಿದೆ?

ಉತ್ತರ: ನಿಮ್ಮ ಕಾಲಲ್ಲಿ. ಹೋದ ತಕ್ಷಣ ನೀರಂಚಿಗೆ ಹೋಗಿ ನಿಂತಿರಿ, ಅಲ್ವಾ? ಮೀನು ಅಲ್ಲೇ ಇತ್ತು. ನೀವು ಬಂದಿದ್ದು ಗೊತ್ತಾಗಿ ಜಾಗ ಖಾಲಿ ಮಾಡಿತು. ಅದು ಬಿಟ್ಟುಹೋದ ಮೇಲೆ ನೀವು ಖಾಲಿ ನೀರಿಗೆ ಮೂರು ಗಂಟೆ ಎಸೆದಿರಿ.

ಬಾಸ್ ಅಟ್ಟಿಸಿಕೊಂಡು ಹೋಗಿ ಬೇಟೆಯಾಡುವುದಕ್ಕಿಂತ ಹೊಂಚು ಹಾಕುವುದೇ ಜಾಸ್ತಿ. ಜೊಂಡಿನ ಬುಡ, ನೀರಿಗೆ ಬಿದ್ದ ಮರ, ತಾವರೆ ಎಲೆಯ ಅಡಿ, ಮರದ ಹಲಗೆಯ ಕೆಳಗಿನ ನೆರಳು, ಇಂಥ ಕಡೆ ಅಲ್ಲಾಡದೆ ನಿಂತಿರುತ್ತದೆ. ಸಣ್ಣ ಮೀನೋ ಕಪ್ಪೆಯೋ ಎದುರಿಗೆ ಬಂದರೆ ಬಾಯಿ ತೆರೆದು ನೀರಿನ ಸಮೇತ ಎಳೆದುಕೊಳ್ಳುತ್ತದೆ. ಈಗ ನಿಮ್ಮ ಕೊಳವನ್ನೇ ನೋಡಿ, ಇಂಥ ಮರೆ ನಡುನೀರಲ್ಲಿ ಎಷ್ಟಿದೆ, ದಡದಲ್ಲಿ ಎಷ್ಟಿದೆ? ಮೀನಿನ ಮೈಯ ಎರಡೂ ಬದಿಗೆ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಇರುತ್ತದೆ. ನೀರಿನ ಸಣ್ಣ ಅಲುಗಾಟವೂ ಅದಕ್ಕೆ ಆ ಗೆರೆಯಿಂದಲೇ ತಿಳಿಯುತ್ತದೆ. ದಡದ ಮೇಲೆ ಧಪಧಪ ನಡೆದರೆ ಸಾಕು.

ಮುಂದಿನ ಸಲ ಹೀಗೆ ಮಾಡಿ. ನೀರಿಗೆ ಹತ್ತು ಹೆಜ್ಜೆ ಇರುವಾಗಲೇ ನಿಂತುಬಿಡಿ. ನಿಮ್ಮ ನೆರಳು ಎತ್ತ ಬೀಳುತ್ತಿದೆ ನೋಡಿಕೊಳ್ಳಿ, ನೀರಿನ ಮೇಲೆ ಬೀಳಬಾರದು. ಮೊದಲ ಎಸೆತ ಎಡಕ್ಕೆ, ದಡಕ್ಕೆ ಅಂಟಿಕೊಂಡ ಹಾಗೆ. ಎರಡನೆಯದು ಬಲಕ್ಕೆ, ಅದೇ ರೀತಿ. ನಡುನೀರಿನ ಸರದಿ ಆಮೇಲೆ. ನನಗೆ ಸಣ್ಣ ಕೆರೆಗಳಲ್ಲಿ ಸಿಕ್ಕಿದ ಒಳ್ಳೆಯ ಮೀನುಗಳಲ್ಲಿ ಮುಕ್ಕಾಲು ಪಾಲು ಮೊದಲ ಐದು ಎಸೆತದಲ್ಲೇ ಸಿಕ್ಕಿದ್ದು. ಉಳಿದ ಹೊತ್ತೆಲ್ಲ ಸುಮ್ನೆ ಹರಟೆ.

ಪ್ರಶ್ನೆ: ಪೆಟ್ಟಿಗೆ ತುಂಬ ಗಾಳದ ಸಾಮಾನು ಇದೆ. ಒಂದೇ ಒಂದು ತೆಗೆದುಕೊಂಡು ಹೋಗಬೇಕೆಂದರೆ ಯಾವುದು?

ಉತ್ತರ: ಪ್ಲಾಸ್ಟಿಕ್ ಹುಳು. ಅಮೆರಿಕದ ಒಹಾಯೋದ ನಿಕ್ ಕ್ರೀಮ್ 1949ರಲ್ಲಿ ಇದನ್ನು ಮಾಡಿದರು, ಆಮೇಲೆ ಮಾರಲು ಶುರು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ಬಾಸ್ ಹಿಡಿಯುವವರ ಪೆಟ್ಟಿಗೆಯಿಂದ ಅದು ಹೊರಗೆ ಬಿದ್ದಿಲ್ಲ.

ಐದಿಂಚಿನ, ಬಾಲವಿಲ್ಲದ ನೇರ ಹುಳು ತೆಗೆದುಕೊಳ್ಳಿ. ಸೀಸದ ಗುಂಡು ಬೇಡ. ಕೊಕ್ಕೆಯನ್ನು ತಲೆಗೆ ಚುಚ್ಚದೆ ಹುಳುವಿನ ಸರಿ ನಡುವಿಗೆ ಅಡ್ಡಡ್ಡ ಚುಚ್ಚಿ. ನೋಡುವುದಕ್ಕೆ ಯಾರೋ ತಿಳಿಯದೆ ಸಿಕ್ಕಿಸಿದ ಹಾಗಿರುತ್ತದೆ. ನೀರಿಗೆ ಬಿಟ್ಟರೆ ಅದು ನಿಧಾನವಾಗಿ ಇಳಿಯುತ್ತಾ ಎರಡೂ ತುದಿಯನ್ನು ನಡುಗಿಸುತ್ತದೆ. ನೀವು ಏನೂ ಮಾಡಬಾರದು, ಕಷ್ಟವಿರುವುದೇ ಅಲ್ಲಿ. ಕೈ ಸುಮ್ಮನಿರಲ್ಲ, ಎಳೆಯೋಣ ಅನ್ನಿಸುತ್ತದೆ. ಎಳೆಯಬೇಡಿ, ದಾರ ನೋಡುತ್ತಿರಿ. ಹೆಚ್ಚಿನ ಸಲ ಮೀನು ಕಚ್ಚಿದ್ದು ಕೈಗೆ ಗೊತ್ತಾಗುವುದಿಲ್ಲ. ನೀರಿನ ಮೇಲೆ ಸಡಿಲವಾಗಿ ಬಿದ್ದಿದ್ದ ದಾರ ಪಕ್ಕಕ್ಕೆ ಸರಿಯತೊಡಗುತ್ತದೆ, ಅಷ್ಟೇ. ಆಗ ರೀಲ್ ಸುತ್ತಿ, ದಾರ ಬಿಗಿಯಾದ ಮೇಲೆ ರಾಡ್, ಅಂದರೆ ಗಾಳದ ಕೋಲು ಎತ್ತಿ.

ಬಣ್ಣದ ಬಗ್ಗೆ ಜನ ದಿನಗಟ್ಟಲೆ ಜಗಳವಾಡುತ್ತಾರೆ. ತಿಳಿನೀರಿಗೆ ಹಸಿರು, ಕಂದು. ಕೆಸರು ನೀರಿಗೆ ಕಪ್ಪು. ನನಗೆ ಗೊತ್ತಿರುವುದು ಇಷ್ಟೇ, ಸಾಕಾಗಿದೆ. ಹರಿದ ಹುಳುಗಳನ್ನು ಮಾತ್ರ ನೀರಿಗೆ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ.

ಪ್ರಶ್ನೆ: ಬೇಸಗೆ ಮಧ್ಯಾಹ್ನ ಆಳದಲ್ಲಿ ಮೀನು ಸಿಗುತ್ತದಾ?

ಉತ್ತರ: ತೀರಾ ಆಳಕ್ಕೆ ಹೋಗಬೇಡಿ. ಬೇಸಗೆಯಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಎಂದು ಪದರ ಕಟ್ಟಿಕೊಂಡುಬಿಡುತ್ತದೆ. ಸಣ್ಣ ಕೊಳದಲ್ಲಿ ಗಾಳಿ ಅದನ್ನು ಕಲಕುವುದಿಲ್ಲ, ಹಾಗಾಗಿ ತಳದಲ್ಲಿ ಆಮ್ಲಜನಕ ಮುಗಿದುಹೋಗಿರುತ್ತದೆ. ನೆರಳಿರುವ ದಡ ಹುಡುಕಿ. ಇಲ್ಲದಿದ್ದರೆ ಊಟ ಮಾಡಿ ಮಲಗಿ, ಸಂಜೆ ಹೋಗಿ.

ಪ್ರಶ್ನೆ: ಎರಡು ವರ್ಷ ಅಲೆದು ಒಂದು ಒಳ್ಳೆಯ ಜಾಗ ಕಂಡುಕೊಂಡಿದ್ದೆ. ಗೆಳೆಯನಿಗೆ ತೋರಿಸಿದೆ. ಈಗ ಅವನು ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತಾನೆ. ಮಾತು ಬಿಡೋಣ ಅನ್ನಿಸಿದೆ.

ಉತ್ತರ: ಮಾತು ಬಿಡಬೇಡಿ, ಮಾತಾಡಿ. ತಪ್ಪು ಅವನದೇ. ಒಬ್ಬರು ತೋರಿಸಿದ ಜಾಗಕ್ಕೆ ಅವರನ್ನು ಕೇಳದೆ ಮೂರನೆಯವರನ್ನು ಕರೆದುಕೊಂಡು ಹೋಗುವುದಿಲ್ಲ, ಗಾಳ ಹಾಕುವವರ ಬರೆಯದ ಕಾನೂನು ಅದು. ಆದರೆ ಅವನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ನೀವೂ ಹೇಳಿಲ್ಲ, ಅಲ್ವಾ?

ಒಂದು ಕಥೆ ಹೇಳುತ್ತೇನೆ. 1932ರ ಜೂನ್ 2ರಂದು ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಎಂಬ ಯುವಕ, ಜ್ಯಾಕ್ ಪೇಜ್ ಎಂಬ ಗೆಳೆಯನ ಜೊತೆ ಮಾಂಟ್ಗೊಮೆರಿ ಲೇಕ್ ಎಂಬ ನೀರಿಗೆ ಹೋದ. ಹೆಸರಿಗೆ ಲೇಕ್, ನಿಜಕ್ಕೂ ನದಿ ದಾರಿ ಬದಲಿಸಿದಾಗ ಉಳಿದುಹೋದ ಒಂದು ಬಾಗು. ಇಬ್ಬರ ನಡುವೆ ಇದ್ದದ್ದು ಒಂದೇ ರಾಡು. ಸರದಿ ಪ್ರಕಾರ ಎಸೆಯುತ್ತಿದ್ದರು. ಪೆರ್ರಿಯ ಸರದಿಯಲ್ಲಿ 22 ಪೌಂಡ್ 4 ಔನ್ಸ್ ತೂಗುವ ಬಾಸ್ ಬಿತ್ತು, ಅಂದರೆ 10 ಕಿಲೋ ದಾಟಿದ ಮೀನು. ಅದು ವಿಶ್ವದಾಖಲೆ. ತೂಕ ಮಾಡಿಸಿದ ಮೇಲೆ ಮೀನು ಅಡುಗೆಮನೆಗೆ ಹೋಯಿತು. 2009ರಲ್ಲಿ ಜಪಾನಿನ ಮನಾಬು ಕುರಿತಾ ಬಿವಾ ಸರೋವರದಲ್ಲಿ ಅದಕ್ಕಿಂತ ಒಂದು ಔನ್ಸಿನಷ್ಟು ಹೆಚ್ಚು ತೂಗುವ ಮೀನು ಹಿಡಿದರು. ಆದರೆ ದಾಖಲೆ ಮುರಿಯಲು 2 ಔನ್ಸ್ ಜಾಸ್ತಿ ಇರಬೇಕು. ಹಾಗಾಗಿ ಇಬ್ಬರ ಹೆಸರೂ ಜೊತೆಗೇ ಇದೆ.

ನನಗೆ ಮಾತ್ರ ಆಗಾಗ ನೆನಪಾಗುವವನು ಜ್ಯಾಕ್ ಪೇಜ್. ಒಂದು ಸರದಿ ಆಚೀಚೆ ಆಗಿದ್ದರೆ! ನಿಮ್ಮ ಗೆಳೆಯನನ್ನು ಒಂದು ಭಾನುವಾರ ಒಬ್ಬನೇ ಕರೆಯಿರಿ, ಒಂದೇ ರಾಡು ಒಯ್ಯಿರಿ, ಮೀನು ಬಿದ್ದಾಗ ಕೈ ಬದಲಿಸಿ. ನಡುವೆ ಸಿಗುವ ಖಾಲಿ ಹೊತ್ತಿನಲ್ಲಿ ಜಾಗದ ವಿಷಯ ತೆಗೆಯಿರಿ.

ಪ್ರಶ್ನೆ: ಹಿಡಿದ ಮೀನನ್ನು ವಾಪಸ್ ಬಿಡುತ್ತೇನೆ, ಆದರೂ ಕೆಲವು ಹೊಟ್ಟೆ ಮೇಲಾಗಿ ತೇಲುತ್ತವೆ. ಯಾಕೆ?

ಉತ್ತರ: ನೀರಿನ ಹೊರಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳುತ್ತಿದ್ದೀರಿ ಅನ್ನಿಸುತ್ತದೆ. ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಕೈಗೆ ಮೀನಿನ ಲೋಳೆ ಕಿತ್ತುಬರುತ್ತದೆ, ಅದರ ಮೈಗಾವಲೇ ಆ ಲೋಳೆ. ಕೆಳತುಟಿ ಹಿಡಿದು ನೇರವಾಗಿ ತೂಗುಬಿಟ್ಟರೆ ಸರಿ. ಅಡ್ಡ ಹಿಡಿಯುವುದಾದರೆ ಇನ್ನೊಂದು ಕೈ ಹೊಟ್ಟೆಯ ಕೆಳಗೆ ಇರಲೇಬೇಕು, ಇಲ್ಲದಿದ್ದರೆ ಇಡೀ ಭಾರ ದವಡೆಯ ಮೇಲೆ ಬೀಳುತ್ತದೆ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿಬಿಡಿ, ಸಲೀಸಾಗಿ ಬರುತ್ತದೆ. ವಸಂತದಲ್ಲಿ ನೀರು 15ರಿಂದ 20 ಡಿಗ್ರಿ ಇರುವಾಗ ತಗ್ಗು ನೀರಿನಲ್ಲಿ ತಟ್ಟೆಯ ಹಾಗೆ ದುಂಡನೆಯ ಸ್ವಚ್ಛ ಗುಂಡಿ ಕಂಡರೆ ಅಲ್ಲಿ ಎಸೆಯಲೇಬೇಡಿ. ಅದು ಗೂಡು. ಗಂಡು ಮೀನು ಕಾಯುತ್ತಿರುತ್ತದೆ. ಅದನ್ನು ಐದು ನಿಮಿಷ ಎತ್ತಿಕೊಂಡರೂ ಸಾಕು, ಸಣ್ಣ ಮೀನುಗಳು ನುಗ್ಗಿ ಮೊಟ್ಟೆ ಮುಗಿಸುತ್ತವೆ.

ಪ್ರಶ್ನೆ: ಬೇರೆ ಕಡೆಯಿಂದ ನಾಲ್ಕು ಬಾಸ್ ಮರಿ ತಂದು ಹತ್ತಿರದ ಕೆರೆಗೆ ಬಿಟ್ಟರೆ ಹೇಗೆ? ಮತ್ತೆ, ಮಗಳಿಗೆ ಆರು ವರ್ಷ, ಜೊತೆಗೆ ಬರುತ್ತೇನೆ ಅನ್ನುತ್ತಾಳೆ.

ಉತ್ತರ: ಮರಿ ಬೇಡವೇ ಬೇಡ. ಬಾಸ್ ಉತ್ತರ ಅಮೆರಿಕದ ಮೀನು. ಜಪಾನಿಗೆ 1925ರಲ್ಲಿ ಆಶಿ ಸರೋವರಕ್ಕೆ ತಂದು ಬಿಟ್ಟರು, ಆಮೇಲೆ ದೇಶವೆಲ್ಲ ಹಬ್ಬಿ ಅಲ್ಲಿನ ಸಣ್ಣ ಮೀನುಗಳನ್ನು ತಿಂದುಹಾಕಿತು. 2005ರಿಂದ ಅಲ್ಲಿ ಜೀವಂತ ಬಾಸನ್ನು ಸಾಗಿಸುವುದೇ ಅಪರಾಧ. ದಾಖಲೆ ಮೀನು ಸಿಕ್ಕಿದ ಬಿವಾದಲ್ಲಿ ಹಿಡಿದದ್ದನ್ನು ವಾಪಸ್ ಬಿಡುವಂತೆಯೂ ಇಲ್ಲ.

ಮಗಳನ್ನು ಖಂಡಿತ ಕರೆದುಕೊಂಡು ಹೋಗಿ. ನಿಮ್ಮ ರಾಡ್ ಮನೆಯಲ್ಲೇ ಇರಲಿ. ಅವಳಿಗೆ ಒಂದು ಬೆಂಡು, ಒಂದು ಎರೆಹುಳು ಸಾಕು, ಬೆರಳುದ್ದದ ಮೀನು ಬಿದ್ದರೂ ಅವಳಿಗೆ ಅದು ದಾಖಲೆಯೇ. ಎಸೆಯುವಾಗ ಹಿಂದೆ ನಿಲ್ಲಬೇಡಿ, ಪಕ್ಕದಲ್ಲಿ ನಿಲ್ಲಿ. ಕೊಕ್ಕೆ ಮುಂದೆ ಹೋಗುವ ಮೊದಲು ಹಿಂದಕ್ಕೆ ಬರುತ್ತದೆ. ನನ್ನ ಬಲಗಿವಿಯಲ್ಲಿ ಇನ್ನೂ ಗುರುತಿದೆ.