ವಾಹನ ಪ್ರಶ್ನೋತ್ತರ: ದಿನಕ್ಕೆ ಹತ್ತು ಕಿಲೋಮೀಟರ್ ಓಟಕ್ಕೆ ಡೀಸೆಲ್ ಕಾರು ಬೇಕೇ?

ಪ್ರಶ್ನೆ: ಉಡುಪಿಯ ಕಲ್ಸಂಕದ ಬಳಿ ನಮ್ಮ ಮನೆ, ಕೆಲಸ ಮಣಿಪಾಲದಲ್ಲಿ. ಹೋಗಿಬರಲು ದಿನಕ್ಕೆ ಸುಮಾರು 10 ಕಿ.ಮೀ. ಆಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಬಾರಿ ಆಗುಂಬೆ ಘಾಟಿ ಹತ್ತಿ ಪತ್ನಿಯ ತವರಾದ ಶಿವಮೊಗ್ಗಕ್ಕೆ ಹೋಗುತ್ತೇವೆ. ನಾವು ನೋಡಿರುವ ಕಾರಿನ ಆನ್‌ರೋಡ್ ಬೆಲೆ ಪೆಟ್ರೋಲಿನದಾದರೆ 9.80 ಲಕ್ಷ, ಡೀಸೆಲಿನದಾದರೆ 11.30 ಲಕ್ಷ ರೂಪಾಯಿ. ಘಾಟಿಗೆ ಡೀಸೆಲೇ ಸರಿ, ಮೈಲೇಜೂ ಹೆಚ್ಚು ಎಂದು ಭಾವ ಒತ್ತಾಯಿಸುತ್ತಿದ್ದಾರೆ. ಯಾವುದನ್ನು ಕೊಳ್ಳಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ಪೆಟ್ರೋಲ್ ಕಾರನ್ನೇ ಕೊಳ್ಳಿ. ನಿಮ್ಮ ಭಾವನವರ ಮಾತು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಆಗ ಡೀಸೆಲಿನ ಬೆಲೆಯನ್ನು ಸರ್ಕಾರವೇ ತಗ್ಗಿಸಿ ಇಟ್ಟಿತ್ತು. ಆ ಹಿಡಿತ 2014ರ ಅಕ್ಟೋಬರಿನಲ್ಲಿ ಸಡಿಲವಾಯಿತು. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದು, ಡೀಸೆಲ್ ಎಂಜಿನಿನ ಹೊಗೆಯನ್ನು ಸೋಸುವ ದುಬಾರಿ ಸಾಧನಗಳು ಅನಿವಾರ್ಯವಾದಾಗ ಮಾರುತಿ ಸುಜುಕಿ ಕಂಪನಿಯು ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು.

ಲೆಕ್ಕವನ್ನು ನೀವೇ ಹಾಕಿ ನೋಡಬಹುದು. ಪೆಟ್ರೋಲ್ ಲೀಟರಿಗೆ 102 ರೂಪಾಯಿ, ಡೀಸೆಲ್ 90 ರೂಪಾಯಿ ಎಂದೂ, ಮೈಲೇಜ್ ಕ್ರಮವಾಗಿ 15 ಮತ್ತು 20 ಕಿ.ಮೀ. ಎಂದೂ ಹಿಡಿದರೆ, ಕಿಲೋಮೀಟರಿಗೆ ಪೆಟ್ರೋಲಿಗೆ 6.80 ರೂಪಾಯಿ, ಡೀಸೆಲಿಗೆ 4.50 ರೂಪಾಯಿ ತಗಲುತ್ತದೆ. ಉಳಿಯುವುದು 2.30 ರೂಪಾಯಿ. ಕೊಳ್ಳುವಾಗ ಹೆಚ್ಚಿಗೆ ತೆತ್ತ 1.50 ಲಕ್ಷ ರೂಪಾಯಿ ಈ ಉಳಿತಾಯದಿಂದ ಹಿಂದಿರುಗಬೇಕಾದರೆ ಕಾರು 65,000 ಕಿ.ಮೀ.ಗೂ ಹೆಚ್ಚು ಓಡಬೇಕು. ಆ ಹಣವೂ ಸಾಲದ್ದೇ ಆಗಿದ್ದು, ಶೇ. 9ರ ಬಡ್ಡಿಯಲ್ಲಿ ಐದು ವರ್ಷ ಕಂತು ಕಟ್ಟುವುದಾದರೆ ಬಡ್ಡಿಯೇ ಸುಮಾರು 37,000 ರೂಪಾಯಿ ಸೇರಿ, ಓಟ 81,000 ಕಿ.ಮೀ.ಗೆ ಏರುತ್ತದೆ. ನಿಮ್ಮ ಕಚೇರಿ, ಪೇಟೆ, ಶಿವಮೊಗ್ಗ ಎಲ್ಲ ಸೇರಿದರೂ ವರ್ಷಕ್ಕೆ 7,000 ಕಿ.ಮೀ. ದಾಟುವುದು ಕಷ್ಟ, ಅಂದರೆ ಹನ್ನೊಂದು ವರ್ಷ ಕಳೆದ ಮೇಲೆ ಡೀಸೆಲ್ ಲಾಭದ ಬಾಗಿಲಿಗೆ ಬರುತ್ತದೆ. ದಿನವೂ ಕುಂದಾಪುರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಹೋಗಿಬರುವವರು ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು, ಏಕೆಂದರೆ ಅವರಿಗೆ ಈ ದೂರ ಎರಡು ವರ್ಷದೊಳಗೇ ಮುಗಿಯುತ್ತದೆ.

ಹಣದ ಮಾತು ಹಾಗಿರಲಿ, ನಿಮ್ಮ ಓಟದ ರೀತಿಯೇ ಡೀಸೆಲ್ ಎಂಜಿನಿಗೆ ಒಗ್ಗುವುದಿಲ್ಲ. ಈಗಿನ ಡೀಸೆಲ್ ಕಾರಿನ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಸೋಸಕವಿರುತ್ತದೆ. ಅದು ತುಂಬಿದಾಗ ಎಂಜಿನ್ ತಾನಾಗಿಯೇ ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ, ಸೋಸಕವನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಮಸಿಯನ್ನು ಸುಟ್ಟುಬಿಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮನೆ ಓಡುವ ರಸ್ತೆ ಬೇಕು. ಕಲ್ಸಂಕದ ದಟ್ಟಣೆಯಲ್ಲಿ ತೆವಳಿ, ಮಣಿಪಾಲದ ಏರು ಹತ್ತುವಷ್ಟರಲ್ಲಿ ನಿಮ್ಮ ಎಂಜಿನ್ ಸರಿಯಾಗಿ ಬಿಸಿಯಾಗಿರುವುದೇ ಇಲ್ಲ, ಅಷ್ಟರಲ್ಲಿ ನೀವು ಅದನ್ನು ಆರಿಸುತ್ತೀರಿ. ಅರ್ಧಕ್ಕೆ ನಿಂತ ಕೆಲಸ ಮತ್ತೆ ಮತ್ತೆ ಆರಂಭವಾದಾಗ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಎಂಜಿನ್ ಆಯಿಲ್‌ಗೆ ಬೆರೆತು, ಅದನ್ನು ತೆಳುವಾಗಿಸಿ ಎಂಜಿನಿನ ಸವೆತವನ್ನು ಹೆಚ್ಚಿಸುತ್ತದೆ. ನನ್ನ ನೆಂಟರೊಬ್ಬರ ಕಾರಿನಲ್ಲಿ ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿದಾಗ, ಮೇಲಿನ ಗೆರೆಗಿಂತ ಒಂದು ಬೆರಳಷ್ಟು ಎತ್ತರಕ್ಕೆ ಆಯಿಲ್ ಅಂಟಿಕೊಂಡಿತ್ತು. ಮೂಸಿದರೆ ಡೀಸೆಲಿನ ವಾಸನೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು ಅವರು ಸಮಾಧಾನದಿಂದ ಇದ್ದರು!

ಇನ್ನು ಘಾಟಿಯ ಮಾತು. ಕಡಿಮೆ ವೇಗದಲ್ಲೂ ಡೀಸೆಲ್ ಎಂಜಿನ್ ಚೆನ್ನಾಗಿ ಎಳೆಯುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಗುಂಬೆಯ 14 ತಿರುವುಗಳಲ್ಲಿ ಎರಡನೆಯ ಗೇರು, ತೀರಾ ಕಡಿದಾದಲ್ಲಿ ಮೊದಲನೆಯ ಗೇರು ಹಾಕಿದರೆ ಪೆಟ್ರೋಲ್ ಕಾರೂ ಏರುತ್ತದೆ, ತುಸು ಹೆಚ್ಚು ಸದ್ದು ಮಾಡುತ್ತದೆ ಅಷ್ಟೇ. ಇಳಿಯುವಾಗಲೂ ಅದೇ ಗೇರಿನಲ್ಲಿ ಇಳಿಯಿರಿ. ಬ್ರೇಕನ್ನೇ ಒತ್ತಿಕೊಂಡು ಬರಬೇಡಿ.

ಪ್ರಶ್ನೆ: ಕಾರಿಗೆ 7 ಲಕ್ಷ ರೂಪಾಯಿ ಸಾಲ ಬೇಕಾಗಿದೆ. ಶೋರೂಂನವರು ತೋರಿಸಿದ ಫೈನಾನ್ಸ್ ಸಂಸ್ಥೆ ಶೇ. 5.5 ಎನ್ನುತ್ತದೆ; ನಮ್ಮ ಬ್ಯಾಂಕಿನವರು ಶೇ. 9 ಕೇಳುತ್ತಾರೆ. ಏಳು ವರ್ಷದ ಅವಧಿ ಒಳ್ಳೆಯದೇ?
– ಓದುಗರೊಬ್ಬರು, ಬಿ.ಸಿ.ರೋಡ್

ಉತ್ತರ: ಬ್ಯಾಂಕುಗಳ ತವರಾದ ನಮ್ಮ ಕರಾವಳಿಯಲ್ಲೂ ಈ ಶೇ. 5.5ಕ್ಕೆ ಮರುಳಾಗುವವರು ಕಡಿಮೆಯಿಲ್ಲ. ಅದು ಫ್ಲಾಟ್ ಬಡ್ಡಿಯಾಗಿರುವ ಸಂಭವವೇ ಹೆಚ್ಚು, ಕೇಳಿ ಖಚಿತಪಡಿಸಿಕೊಳ್ಳಿ. ಫ್ಲಾಟ್ ಆದರೆ, ನೀವು ಅಸಲನ್ನು ತೀರಿಸುತ್ತ ಬಂದರೂ ಕೊನೆಯ ತಿಂಗಳವರೆಗೆ ಪೂರ್ತಿ 7 ಲಕ್ಷದ ಮೇಲೆಯೇ ಬಡ್ಡಿ ಬೀಳುತ್ತದೆ. ಐದು ವರ್ಷಕ್ಕೆ ತಿಂಗಳ ಕಂತು 14,875 ರೂಪಾಯಿ. ಬ್ಯಾಂಕು ಉಳಿದ ಬಾಕಿಯ ಮೇಲಷ್ಟೇ ಬಡ್ಡಿ ಹಾಕುವುದರಿಂದ ಶೇ. 9ರಲ್ಲಿ ಕಂತು 14,531 ರೂಪಾಯಿ. ಅಗ್ಗವೆಂದು ಕಂಡ ಸಾಲದ ನಿಜವಾದ ದರ ಹೆಚ್ಚುಕಡಿಮೆ ಶೇ. 10 ಆಯಿತು.

ಏಳು ವರ್ಷಕ್ಕೆ ಎಳೆದರೆ ಬ್ಯಾಂಕಿನ ಕಂತು 11,262 ರೂಪಾಯಿಗೆ ಇಳಿಯುತ್ತದೆ ನಿಜ, ಆದರೆ ಒಟ್ಟು ಬಡ್ಡಿ 1.72 ಲಕ್ಷದಿಂದ 2.46 ಲಕ್ಷಕ್ಕೆ ಏರುತ್ತದೆ. ಐದು ವರ್ಷದ ಕಂತು ಭಾರವೆನಿಸಿದರೆ ಅವಧಿಯನ್ನು ಹಿಗ್ಗಿಸುವ ಬದಲು ಸನ್‌ರೂಫ್ ಇಲ್ಲದ ಮಾದರಿಯನ್ನು ನೋಡಿ. ಅವಧಿಗೆ ಮುನ್ನ ಸಾಲ ತೀರಿಸಿದರೆ ಎಷ್ಟು ಶುಲ್ಕ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಿ. ಸಾಲ ಮುಗಿದ ದಿನ ಬ್ಯಾಂಕಿನಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ಮತ್ತು ಫಾರಂ 35 ಪಡೆದು ಆರ್‌ಸಿಯಿಂದ ಬ್ಯಾಂಕಿನ ಹೆಸರನ್ನು ತೆಗೆಸಬೇಕು. ಇದನ್ನು ಮರೆತವರು ಕಾರು ಮಾರುವ ಹೊತ್ತಿಗೆ ಆರ್‌ಟಿಒ ಕಚೇರಿಗೆ ಅಲೆಯುತ್ತಾರೆ.

ಪ್ರಶ್ನೆ: ಮಗ ಕುವೈತಿನಲ್ಲಿದ್ದಾನೆ, ಅವನ 2016ರ ಪೆಟ್ರೋಲ್ ಕಾರು ಮಳೆಗಾಲವಿಡೀ ನಿಂತೇ ಇರುತ್ತದೆ. ಇ20 ಪೆಟ್ರೋಲಿನಿಂದ ತೊಂದರೆಯಾದೀತೇ?
– ಓದುಗರೊಬ್ಬರು, ಸುರತ್ಕಲ್

ಉತ್ತರ: ಇ20ರಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಎಥನಾಲಿಗೆ ನೀರನ್ನು ಹೀರುವ ಗುಣವಿದೆ, ನಮ್ಮ ಜೂನ್ ಜುಲೈಯ ಗಾಳಿಯಲ್ಲಂತೂ ನೀರಿಗೆ ಬರವಿಲ್ಲ. ಆದ್ದರಿಂದ ಅರ್ಧ ತುಂಬಿದ ಟ್ಯಾಂಕಿನೊಂದಿಗೆ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಟ್ಯಾಂಕ್ ತುಂಬಿಸಿಡಿ. ಹಳೆಯ ಕಾರಾದ್ದರಿಂದ ಇಂಧನದ ರಬ್ಬರ್ ಕೊಳವೆಗಳನ್ನು ಮಳೆಗೆ ಮುನ್ನ ಗ್ಯಾರೇಜಿನಲ್ಲಿ ತೋರಿಸಿ. ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದರಿಂದ ಬ್ಯಾಟರಿಗೂ ಪ್ರಯೋಜನವಿಲ್ಲ. ವಾರಕ್ಕೊಮ್ಮೆ ಮೂಲ್ಕಿಯವರೆಗೆ ಓಡಿಸಿಕೊಂಡು ಬನ್ನಿ. ಹೊರಡುವ ಮುನ್ನ ಬಾನೆಟ್ ತೆರೆದು ನೋಡುವುದನ್ನು ಮರೆಯಬೇಡಿ: ಮಳೆಗಾಲದಲ್ಲಿ ಇಲಿಗಳಿಗೆ ಅಷ್ಟು ಬೆಚ್ಚಗಿನ ಜಾಗ ಬೇರೆಲ್ಲೂ ಸಿಗುವುದಿಲ್ಲ, ವೈರುಗಳನ್ನು ಅವು ಕಡಿಯದೆ ಬಿಡುವುದೂ ಇಲ್ಲ.