ಹಳೇ ಹಾಫ್ನರ್ ಬೇಸ್ ಗಿಟಾರಿಗೆ ಹೊಸ ಕುದುರೆ ಇಲ್ಲೇ ಮಾಡಿಸಬಹುದೇ?

ಮಾಡಿಸಬಹುದು. ನನ್ನದಕ್ಕೆ ನಾನೇ ಮಾಡಿಕೊಂಡೆ. ಮೊದಲನೆಯದು ಕೆಟ್ಟಿತು, ಎರಡನೆಯದು ಕೂತಿತು.

ನಿಮ್ಮ ಮಾವನವರ 60ರ ದಶಕದ ಹಾಫ್ನರ್ 500/1 ಬೇಸಿನ ಮರದ ಬ್ರಿಡ್ಜ್, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ, ಸೀಳಿದೆ, ಹೊರಗಿನಿಂದ ತರಿಸಿದ ಹೊಸದು ಎತ್ತರ ಜಾಸ್ತಿಯಾಗಿ ತಂತಿ ಒತ್ತಲು ಆಗುತ್ತಿಲ್ಲ, ಹಳೇದರ ಅಳತೆ ಕೊಟ್ಟು ಬಡಗಿಯಿಂದ ಮಾಡಿಸಲೇ ಎಂದು ಕೇಳಿದ್ದೀರಿ. ಬಡಗಿಯ ಹತ್ತಿರ ಹೋಗಿ, ಆದರೆ ಹಳೇ ಅಳತೆ ಹಿಡಿದುಕೊಂಡು ಹೋಗಬೇಡಿ.

ಕಾರಣ ಇದು. ಈ ಮಾದರಿ 1956ರಲ್ಲಿ ಬಂದಿದ್ದು. ಪಿಟೀಲಿನ ಆಕಾರ, ಒಳಗೆ ಟೊಳ್ಳು, ಮೇಲೆ ಉಬ್ಬಿದ ಸ್ಪ್ರೂಸ್ ಹಲಗೆ. ಬ್ರಿಡ್ಜನ್ನು ಅಂಟಿಸಿರುವುದಿಲ್ಲ, ತಿರುಪು ಹಾಕಿ ಬಿಗಿದಿರುವುದೂ ಇಲ್ಲ. ತಂತಿಗಳು ಒತ್ತಿ ಹಿಡಿದಿರುತ್ತವೆ, ಅಷ್ಟೇ. ಅರವತ್ತು ವರ್ಷ ಹಾಗೆ ಒತ್ತಿದ ಮೇಲೆ ಹಲಗೆ ಒಂದಿಷ್ಟು ಕುಸಿದಿರುತ್ತದೆ, ಕತ್ತಿನ ಓರೆಯೂ ಬದಲಾಗಿರುತ್ತದೆ. ಒಂದೇ ವರ್ಷದ ಎರಡು ಬೇಸ್‌ಗಳಿಗೆ ಬೇರೆ ಬೇರೆ ಎತ್ತರ ಬೇಕಾಗುವುದು ಹೀಗೆ. ಫೆಂಡರ್ ಕಂಪನಿಯ ಬೇಸ್ ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ: ಗಟ್ಟಿ ಮರದ ಮೇಲೆ ಲೋಹದ ಬ್ರಿಡ್ಜ್, ತಿರುಪು ತಿರುಗಿಸಿದರೆ ಮುಗಿಯಿತು.

ಅಳತೆ ಹೀಗೆ ತೆಗೆಯಿರಿ. ಮೊದಲು ಕತ್ತು ನೆಟ್ಟಗಿದೆಯೇ ನೋಡಿ; ಬಾಗಿದ್ದರೆ ಅದನ್ನು ಸರಿಮಾಡಿಸುವವರೆಗೆ ಮುಂದಿನದೆಲ್ಲ ಸುಳ್ಳು ಲೆಕ್ಕ. ಉದ್ದನೆಯ ಉಕ್ಕಿನ ಸ್ಕೇಲನ್ನು ಫ್ರೆಟ್‌ಗಳ (ಕತ್ತಿನ ಮೇಲೆ ಅಡ್ಡಕ್ಕಿರುವ ಲೋಹದ ಪಟ್ಟಿಗಳ) ನೆತ್ತಿಯ ಮೇಲೆ ಮಲಗಿಸಿ, ಬ್ರಿಡ್ಜ್ ಕೂರುವ ಜಾಗದವರೆಗೆ ಚಾಚಿ. ಸ್ಕೇಲಿನ ತಳದಿಂದ ಹಲಗೆಗೆ ಎಷ್ಟು ಅಂತರವಿದೆ ಬರೆದುಕೊಳ್ಳಿ. ದಪ್ಪ ತಂತಿಯ ಕಡೆ ಒಂದು ಸಲ, ಸಣ್ಣ ತಂತಿಯ ಕಡೆ ಇನ್ನೊಂದು ಸಲ. 12ನೇ ಫ್ರೆಟ್ ಹತ್ತಿರ ತಂತಿ ಎಷ್ಟು ಮೇಲಿರಬೇಕೋ ಹೆಚ್ಚುಕಡಿಮೆ ಅದರ ಎರಡರಷ್ಟನ್ನು ಇದಕ್ಕೆ ಕೂಡಿಸಿ, ಏಕೆಂದರೆ 12ನೇ ಫ್ರೆಟ್ ಇರುವುದು ತಂತಿಯ ನಡುಮಧ್ಯದಲ್ಲಿ. ನನ್ನದರಲ್ಲಿ ದಪ್ಪ ತಂತಿಯ ಕಡೆ 17 ಮಿ.ಮೀ. ಅಂತರ ಬಂತು, 12ರಲ್ಲಿ ಎರಡೂವರೆ ಮಿ.ಮೀ. ಬೇಕಿತ್ತು, ಹಾಗಾಗಿ 22. ಮೇಲೆ ಕೆಳಗೆ ಮಾಡಲು ಬ್ರಿಡ್ಜಿನಲ್ಲೇ ಎರಡು ಗಾಲಿ ತಿರುಪು ಇದ್ದೇ ಇರುತ್ತವೆ, ಆದ್ದರಿಂದ ಮರವನ್ನು ಒಂದೆರಡು ಮಿ.ಮೀ. ಗಿಡ್ಡವಾಗಿಯೇ ಮಾಡಿ. ಆ ತಿರುಪುಗಳನ್ನು ಹಳೇದರಿಂದ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಿ.

ಮರ ಎಬೊನಿ ಅಥವಾ ಬೀಟೆ. ನಾನಿರುವುದು ಮೈಸೂರಿನಲ್ಲಿ, ಇಲ್ಲಿ ಇನ್‌ಲೇ ಕೆಲಸದವರ ಹತ್ತಿರ ಚೆನ್ನಾಗಿ ಒಣಗಿದ ಬೀಟೆ ಚೂರುಗಳು ಬಿದ್ದಿರುತ್ತವೆ. ನಿಮಗೆ ಬೇಕಾಗಿರುವುದು ಒಂದು ಗೇಣಿನಷ್ಟೂ ಇಲ್ಲ. ಸಾಮಾನ್ಯ ಬಡಗಿಗಿಂತ ವೀಣೆ ರಿಪೇರಿ ಮಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು. 'ಬ್ರಿಡ್ಜ್' ಅಂದಾಗ ಸುಮ್ಮನೆ ನೋಡುತ್ತಿದ್ದ ನಮ್ಮ ಪಕ್ಕದ ಬೀದಿಯ ಹಿರಿಯರು, 'ಕುದುರೆ' ಅಂದ ತಕ್ಷಣ ಕನ್ನಡಕ ಏರಿಸಿದರು. ತಿರುಪಿನ ತೂತುಗಳನ್ನು ಮರದ ತುಂಡು ಚೌಕಾಕಾರದಲ್ಲಿರುವಾಗಲೇ ಕೊರೆಯಬೇಕು, ಆಕಾರ ಕೊಟ್ಟ ಮೇಲೆ ಡ್ರಿಲ್ ನೆಟ್ಟಗೆ ನಿಲ್ಲುವುದಿಲ್ಲ ಎಂದು ಹೇಳಿಕೊಟ್ಟವರು ಅವರೇ.

ನಾನು ಎಡವಿದ್ದು ಪಾದದಲ್ಲಿ. ಕುದುರೆಯ ತಳ ಹಲಗೆಯ ಉಬ್ಬಿಗೆ ಎಲ್ಲೂ ಸಂದಿಲ್ಲದಂತೆ ಕೂರಬೇಕು, ಇಲ್ಲದಿದ್ದರೆ ಸದ್ದು ಸತ್ತುಹೋಗುತ್ತದೆ. ಅದಕ್ಕೆ ಉಪಾಯ: ಬ್ರಿಡ್ಜ್ ಕೂರುವ ಜಾಗದ ಮೇಲೇ ಉಪ್ಪುಕಾಗದವನ್ನು ಮುಖ ಮೇಲಾಗಿ ಹಾಸಿ, ತಳವನ್ನು ಅದರ ಮೇಲೆ ಉಜ್ಜುವುದು. ಮೊದಲು 80 ನಂಬರ್, ಆಮೇಲೆ 180. ನಾನು ಆತುರದಲ್ಲಿ ಮೇಲ್ಭಾಗ ಹಿಡಿದು ಉದ್ದಕ್ಕೆ ಎಳೆದೆ. ಪ್ರತಿ ಎಳೆತಕ್ಕೂ ಕೈ ತೂಗಾಡಿ, ಪಾದಗಳು ದೋಣಿಯ ತಳದಂತೆ ದುಂಡಗಾದವು. ಸರಿಮಾಡಲು ಹೋಗಿ ಎತ್ತರ ಎರಡು ಮಿ.ಮೀ. ಕಳೆದುಕೊಂಡೆ, ಮರವೂ ಹೋಯಿತು. ಎರಡನೇ ಸಲ ಬೆರಳುಗಳನ್ನು ಪಾದದ ಹತ್ತಿರವೇ ಇಟ್ಟು, ತಂತಿಯ ದಿಕ್ಕಿನಲ್ಲಿ ಮಾತ್ರ, ಒಂದೊಂದು ಬೆರಳಗಲದಷ್ಟು ಉಜ್ಜಿದೆ. ಆಗಾಗ ಉಪ್ಪುಕಾಗದದ ಮೇಲೆ ಸೀಮೆಸುಣ್ಣ ಬಳಿದು ಒಂದೇ ಒಂದು ಸಲ ಎಳೆದು ನೋಡಿ. ತಳದಲ್ಲಿ ಎಲ್ಲಿ ಬಿಳಿ ಹತ್ತಲಿಲ್ಲವೋ ಅಲ್ಲಿ ಇನ್ನೂ ಸಂದಿದೆ. ಉಪ್ಪುಕಾಗದದ ಅಂಚಿಗೆ ಅಂಟಿಸಿದ ಟೇಪನ್ನು ರಾತ್ರಿಯಿಡೀ ಬಿಡಬೇಡಿ, ಹಳೇ ವಾರ್ನಿಷ್ ಜೊತೆಯಲ್ಲೇ ಎದ್ದು ಬರುತ್ತದೆ.

ಇನ್ನು ತಲೆಭಾಗ. ಹಾಫ್ನರ್‌ನಲ್ಲಿ ಪ್ರತಿ ತಂತಿಯ ಕೆಳಗೂ ಒಂದರ ಹಿಂದೊಂದು ಸೀಳುಗಳಿವೆ. ಅದರಲ್ಲಿ ಯಾವುದಾದರೂ ಒಂದರಲ್ಲಿ ಫ್ರೆಟ್ ಮಾಡಲು ಬಳಸುವ ಲೋಹದ ಪಟ್ಟಿಯ ಪುಟ್ಟ ಚೂರು ಕೂರುತ್ತದೆ. ತಂತಿ ನಿಲ್ಲುವುದು ಅದರ ಮೇಲೆ. ಸೀಳುಗಳನ್ನು ಸಣ್ಣ ಹಲ್ಲಿನ ಗರಗಸದಲ್ಲಿ, ಚೂರು ಬಿಗಿಯಾಗಿ ಕೂರುವಷ್ಟೇ ಅಗಲಕ್ಕೆ ಕೊಯ್ಯಿಸಿ.

ಜಾಗ ಹುಡುಕುವುದು ಕಿವಿಯ ಕೆಲಸ. ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) 12ನೇ ಫ್ರೆಟ್‌ಗೆ ಎಷ್ಟೋ, ಅಲ್ಲಿಂದ ಬ್ರಿಡ್ಜಿಗೂ ಅಷ್ಟೇ ಎಂದು ಶುರುಮಾಡಿ. ಒಟ್ಟು ಸುಮಾರು 30 ಇಂಚು. ಆಮೇಲೆ 12ರಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ನುಡಿಸಿ, ಅಲ್ಲೇ ಒತ್ತಿಯೂ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಚೂರನ್ನು ಹಿಂದಿನ ಸೀಳಿಗೆ ಸರಿಸಿ, ಇಳಿದಿದ್ದರೆ ಮುಂದಕ್ಕೆ. ದಪ್ಪ ತಂತಿ ಬಹುಪಾಲು ಹಿಂದಿನ ಸೀಳನ್ನೇ ಕೇಳುತ್ತದೆ.

ತ್ರೀಡಿ ಪ್ರಿಂಟ್ ಬಗ್ಗೆಯೂ ಕೇಳಿದ್ದೀರಿ. ಎತ್ತರ ಪರೀಕ್ಷಿಸಲು ಒಂದು ಮಾದರಿ ತೆಗೆಸಿಕೊಳ್ಳಿ, ತಪ್ಪಿಲ್ಲ. ಆ ಪ್ಲಾಸ್ಟಿಕ್ಕನ್ನೇ ಕಾಯಂ ಹಾಕಿದರೆ ನಿಮ್ಮ ಮಾವನವರು ಏನಂತಾರೋ ನನಗೆ ಗೊತ್ತಿಲ್ಲ, ನಾನಂತೂ ಹಾಕುವುದಿಲ್ಲ.

ಮತ್ತೆ, ಬಡಗಿಯ ಕೈಗೆ ಬೇಸನ್ನು ಕೊಟ್ಟುಬಂದರೆ 'ಇದನ್ನು ಅಂಟಿಸಬಾರದು' ಎಂದು ಎರಡು ಸಲ ಹೇಳಿ. ಒಳ್ಳೇ ಮನಸ್ಸಿನಿಂದಲೇ ಫೆವಿಕಾಲ್ ಹಚ್ಚಿಬಿಡುತ್ತಾರೆ. ಹಳೇ ಬ್ರಿಡ್ಜಿನ ಎರಡೂ ತುಂಡುಗಳನ್ನು ಫ್ರೆಟ್ ಚೂರುಗಳ ಸಮೇತ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ ಗಿಟಾರ್ ಪೆಟ್ಟಿಗೆಯಲ್ಲೇ ಇಡಿ. ಸ್ಕೇಲ್ ಇಟ್ಟು ಅಳೆದ ಮೇಲೆ ಎರಡೂ ಕಡೆಯ ಅಂತರ ಎಷ್ಟು ಬಂತು ಎಂದು ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.